ಗ್ರಂಥಸಮಾಪ್ತಿಯೂ ಗ್ರಂಥಕರ್ತನ ಮನಸ್ಸೂ
(ಶ್ರೀಮಠದ ಮಹೋತ್ಸವದ ಶಿವಾನುಭವಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಇಂದಿನ ಗೋಷ್ಠಿಗೆ ಆರಿಸಿದ ವಿಷಯವು ಮೇಲುನೋಟಕ್ಕೆ ಪಂಡಿತರಿಗೆ ಮಾತ್ರ ಸಂಬಂಧಪಟ್ಟುದೆಂದು ತೋರಬಹುದು. ಗ್ರಂಥ ಬರೆಯುವವರು ಊರಿಗೊಬ್ಬರಿದ್ದರೆ ಹೆಚ್ಚು. ಅವರಲ್ಲಿಯೂ ಹಿಡಿದ ಗ್ರಂಥವನ್ನು ನಡುವೆ ಕಟ್ಟಿಟ್ಟು, ಎಷ್ಟೋ ವರ್ಷಗಳ ಮೇಲೆ ಬಿಚ್ಚಿ ಮುಗಿಸಿದವರು ಇನ್ನೂ ವಿರಳ. ಅಂಥವರ ಸುಖದುಃಖಗಳನ್ನು ಕೇಳಿ ಒಕ್ಕಲುತನ ಮಾಡುವವರಿಗೆ, ನೇಯುವವರಿಗೆ, ಅಂಗಡಿಕಾರರಿಗೆ ಆಗಬೇಕಾದುದೇನು ಎಂದು ಯಾರಾದರೂ ಕೇಳಿದರೆ ತಪ್ಪಲ್ಲ. ಆದರೆ ಹಿಡಿದ ಕೆಲಸವನ್ನು ಒಮ್ಮೆಯಾದರೂ ಕಟ್ಟಿಡದ ಮನುಷ್ಯನು ಲೋಕದಲ್ಲಿಲ್ಲ. ಅರ್ಧ ಕಟ್ಟಿದ ಮನೆ, ಅರ್ಧ ತೋಡಿದ ಬಾವಿ, ನಡುವೆ ನಿಂತ ವ್ರತ, ಕೊಡುವೆನೆಂದು ಕೊಡದೆ ಉಳಿದ ಮಾತು, ಇವು ಎಲ್ಲರ ಮನೆಯಲ್ಲಿಯೂ ಇರುವವು. ಅವನ್ನು ಮುಗಿಸುವ ದಿನ ಮನಸ್ಸು ಏನಾಗುವದೆಂಬದನ್ನು ಗ್ರಂಥಕರ್ತನ ದೃಷ್ಟಾಂತದಿಂದ ತಿಳಿಯುವದು ಸುಲಭವಾಗಿರುತ್ತದೆ. ಕಾರಣ, ಅವನ ಕೆಲಸವು ಓಲೆಯ ಮೇಲೆ ಉಳಿದಿರುವದು. ಮನೆ ಬಿದ್ದರೂ ಬಾವಿ ಬತ್ತಿದರೂ ಅದು ಸಾಕ್ಷಿ ಹೇಳುವದು.

ಗ್ರಂಥದ ಆರಂಭವನ್ನು ಕುರಿತು ನಮ್ಮ ಹಿರಿಯರು ಬಹಳ ವಿಧಿಗಳನ್ನು ಹೇಳಿರುವರು. ಇಷ್ಟದೇವತಾಸ್ತುತಿ, ಗುರುಸ್ತುತಿ, ಪೂರ್ವಕವಿಸ್ಮರಣೆ, ಸುಜನಪ್ರಶಂಸೆ, ದುರ್ಜನನಿಂದೆ ಎಂದು ಒಂದು ಕ್ರಮವೇ ಉಂಟು. ಸಮಾಪ್ತಿಯ ವಿಷಯದಲ್ಲಿ ಅಷ್ಟು ವಿಸ್ತಾರವಿಲ್ಲ. ಒಂದು ಫಲಶ್ರುತಿ, ಒಂದು ಮಂಗಳ, ಅಷ್ಟಕ್ಕೆ ತೀರಿತು. ಆದರೆ ಬರೆದವರನ್ನು ಬಲ್ಲವರೆಲ್ಲರೂ ಹೇಳುವರು, ಆರಂಭದ ಮನಸ್ಸು ಸರಳವಾದುದು, ಸಮಾಪ್ತಿಯ ಮನಸ್ಸೇ ತೊಡಕಿನದು. ಆರಂಭದಲ್ಲಿ ಉತ್ಸಾಹವೊಂದೇ ಇರುವದು. ಕೊನೆಯಲ್ಲಿ ಹರ್ಷವೂ ಶೋಕವೂ ಭಯವೂ ನಾಚಿಕೆಯೂ ಒಂದೇ ಕ್ಷಣದಲ್ಲಿ ಬಂದು ನಿಲ್ಲುವವು.

ಕಥೆಯನ್ನು ಗದ್ಯದಲ್ಲಿ ವಿಸ್ತರಿಸಿ ಬರೆದ ಗ್ರಂಥಕ್ಕೆ ನಾವು 'ಕಾದಂಬರಿ' ಎನ್ನುತ್ತೇವೆ. ನೆರೆಯ ಮಹಾರಾಷ್ಟ್ರದವರೂ ಇದೇ ಶಬ್ದವನ್ನು ಬಳಸುವರು. ಈ ಹೆಸರು ಬಂದದ್ದು ಬಾಣಭಟ್ಟನ ಸಂಸ್ಕೃತ ಗ್ರಂಥದಿಂದ. ವಿಚಿತ್ರವೇನೆಂದರೆ, ಇಡಿಯ ಸಾಹಿತ್ಯಪ್ರಕಾರಕ್ಕೆ ತನ್ನ ಹೆಸರನ್ನು ಕೊಟ್ಟ ಆ ಗ್ರಂಥವನ್ನು ಅದರ ಕರ್ತನು ಮುಗಿಸಲಿಲ್ಲ. ಬಾಣನು ನಡುವೆಯೇ ತೀರಿಕೊಂಡನು. ಉಳಿದ ಭಾಗವನ್ನು ಅವನ ಮಗನು ಪೂರೈಸಿದನು. ಉತ್ತರಭಾಗದ ಮೊದಲಲ್ಲಿ ಆ ಮಗನು ಹೇಳುವ ಮಾತಿನ ಭಾವವನ್ನು ನೋಡಿರಿ. ತಂದೆಯು ಸ್ವರ್ಗಸ್ಥನಾದೊಡನೆ ಅವನ ಮಾತಿನ ಸಂಗಡಲೇ ಕಥೆಯ ಎಳೆಯೂ ಕಡಿದುಹೋಯಿತು; ಅದು ಮುಗಿಯದೆ ನಿಂತಿತಲ್ಲಾ ಎಂದು ಸಜ್ಜನರು ಮರುಗುತ್ತಿದ್ದರು; ಆ ಮರುಕವನ್ನು ನೋಡಿ ತಾನು ಕೈಯಿಕ್ಕಿದೆನೇ ಹೊರತು ಕವಿತ್ವದ ಗರ್ವದಿಂದಲ್ಲ. ಇಲ್ಲಿ ಮುಗಿಸಿದ ಸಂತೋಷಕ್ಕಿಂತ ತಂದೆಯ ಅಗಲಿಕೆಯೂ, ತನ್ನ ಕೈ ತಂದೆಯ ಕೈಗೆ ಸಮವಲ್ಲವೆಂಬ ಅಳುಕೂ ಮುಂದಾಗಿರುವವು. ನಮ್ಮ ನಾಗವರ್ಮನು ಆ ಪೂರ್ಣಕಥೆಯನ್ನೇ ಕನ್ನಡದ ಚಂಪುವಾಗಿ ಮಾಡಿದನು. ಮಗನು ಅಳುಕಿ ಸುಮ್ಮನಿದ್ದಿದ್ದರೆ ಕನ್ನಡಕ್ಕೆ ಪೂರ್ಣಕಥೆಯು ಬರುತ್ತಿರಲಿಲ್ಲ. ಜೈನರಲ್ಲಿಯೂ ಇಂಥದೇ ಮಾತುಂಟು: ಜಿನಸೇನಾಚಾರ್ಯರು ನಿಲ್ಲಿಸಿಹೋದ ಪುರಾಣವನ್ನು ಶಿಷ್ಯರಾದ ಗುಣಭದ್ರಾಚಾರ್ಯರು ಮುಗಿಸಿದರು. ಸಮಾಪ್ತಿಯು ಯಾವಾಗಲೂ ಒಬ್ಬನ ಕೈಯಲ್ಲಿಯೇ ಆಗುವದೆಂಬ ನಿಯಮವಿಲ್ಲ.

ಗ್ರಂಥಕರ್ತನಂತೆಯೇ ಲಿಪಿಕಾರನನ್ನೂ ನೆನೆಯಬೇಕು. ತಾಡೋಲೆಯ ಮೇಲೆ ಕಂಠದಿಂದ ಕೊರೆದು, ಅಕ್ಷರಗಳಲ್ಲಿ ಕಾಡಿಗೆ ತುಂಬಿ, ಗರಿಗಳನ್ನು ದಾರದಲ್ಲಿ ಪೋಣಿಸಿ, ಎರಡು ಹಲಗೆಗಳ ನಡುವೆ ಕಟ್ಟಿಡುವವನು ಅವನು. ಅವನ ಕೊನೆಯ ಗರಿಯಲ್ಲಿ ಸಾಮಾನ್ಯವಾಗಿ ಒಂದು ಶ್ಲೋಕವಿರುವದು. ಬೆನ್ನು ಬಾಗಿತು, ಕತ್ತು ತಗ್ಗಿತು, ಕಣ್ಣು ಮಂಜಾಯಿತು, ಕಷ್ಟಪಟ್ಟು ಬರೆದ ಈ ಪುಸ್ತಕವನ್ನು ಜತನವಾಗಿ ಕಾಪಾಡಿರಿ ಎಂಬದು ಅದರ ಭಾವ. ಇನ್ನೊಂದು ಶ್ಲೋಕದಲ್ಲಿ ಪುಸ್ತಕವೇ ಮಾತಾಡುವದು: ತನ್ನನ್ನು ಎಣ್ಣೆಯಿಂದ, ನೀರಿನಿಂದ, ಸಡಿಲಾದ ಕಟ್ಟಿನಿಂದ ರಕ್ಷಿಸಿರಿ, ಮೂರ್ಖರ ಕೈಗೆ ಮಾತ್ರ ಕೊಡಬೇಡಿರಿ ಎಂದು ಅದು ಬೇಡುವದು. ಮುಗಿಸಿದ ಘಳಿಗೆಯಲ್ಲಿ ಲಿಪಿಕಾರನಿಗೆ ದಣಿವಿನ ಹಿಂದೆಯೇ ಬಂದದ್ದು ಭಯ. ತನ್ನ ಕೈಯಲ್ಲಿರುವವರೆಗೆ ಅದನ್ನು ತಾನು ಕಾಯಬಲ್ಲನು; ಕೈಬಿಟ್ಟ ಮೇಲೆ ಅದರ ಗತಿಯೇನು?

ಈ ಭಯವು ನಿರಾಧಾರವಲ್ಲವೆಂಬದಕ್ಕೆ ಮುಧೋಳದವರಿಗೆ ದೂರದ ಸಾಕ್ಷಿ ಬೇಡ. ಮುಧೋಳದ ಬಳೆಗಾರ ಮನೆತನದಲ್ಲಿ ಹುಟ್ಟಿ ಕವಿಚಕ್ರವರ್ತಿಯೆನಿಸಿದ ರನ್ನನು ಅಜಿತಪುರಾಣವನ್ನು ಸನ್ 993ರಲ್ಲಿ ಮುಗಿಸಿದನು. ಅವನ ಗದಾಯುದ್ಧವನ್ನು ಇಂದಿಗೂ ಜನರು ಓದುವರು. ಆದರೆ ಅವನೇ ರಚಿಸಿದನೆಂದು ತಿಳಿದುಬರುವ ಪರಶುರಾಮಚರಿತ, ಚಕ್ರೇಶ್ವರಚರಿತಗಳು ನಮಗೆ ದೊರೆತಿಲ್ಲ. ಅವನ್ನು ಮುಗಿಸಿದ ದಿನವೂ ಆ ಕವಿಯು ಹಿಗ್ಗಿರಲೇಬೇಕು. ಹಿಗ್ಗಿದುದರಿಂದ ಗ್ರಂಥವು ಉಳಿಯಲಿಲ್ಲ. ಇದಕ್ಕೆ ಪ್ರತಿಯಾಗಿ, ರನ್ನನಿಗೆ ಆಶ್ರಯವಿತ್ತ ದಾನಚಿಂತಾಮಣಿ ಅತ್ತಿಮಬ್ಬೆಯು ಹಿಂದಿನ ಕವಿಯಾದ ಪೊನ್ನನ ಶಾಂತಿಪುರಾಣಕ್ಕೆ 1000 ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಪ್ರಸಿದ್ಧಿಯುಂಟು. ಮುದ್ರಣವಿಲ್ಲದ ಕಾಲದಲ್ಲಿ ಸಾವಿರ ಪ್ರತಿಗಳೆಂದರೆ ಎಷ್ಟು ಬೆನ್ನುಗಳು ಬಾಗಿರಬೇಕು, ಎಷ್ಟು ಕಣ್ಣುಗಳು ಮಂಜಾಗಿರಬೇಕು! ಆ ತಾಯಿಯು ಸ್ವತಃ ಕಾವ್ಯ ಬರೆದವಳಲ್ಲ. ಆದರೂ ಕವಿಯು ಎಲ್ಲಿ ಕೈಬಿಟ್ಟನೋ ಅಲ್ಲಿಂದ ಮುಂದಿನ ಕೆಲಸವನ್ನು ಅವಳು ಹಿಡಿದಳು.

ಈಗ ಈ ನಾಡಿಗೂ ಈ ಸಭೆಗೂ ಹತ್ತಿರದ ಪ್ರಸಂಗಕ್ಕೆ ಬರೋಣ. ವಚನಪಿತಾಮಹರೆಂದು ಎಲ್ಲರೂ ಗೌರವಿಸುವ ಡಾ. ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು 1880ನೇ ಇಸವಿ ಜುಲೈ 2ರಂದು ಧಾರವಾಡದಲ್ಲಿ ಹುಟ್ಟಿದರು. ತಂದೆ ಗುರುಬಸಪ್ಪನವರು ಶಿಕ್ಷಕರೂ ಲೇಖಕರೂ ಆಗಿದ್ದರು. ಹಳಕಟ್ಟಿಯವರು ಮುಂಬಯಿಯಲ್ಲಿ ಓದಿ, ಕಾಯದೆಯ ಪರೀಕ್ಷೆ ಮುಗಿಸಿ, 1904ರಲ್ಲಿ ಬೆಳಗಾವಿಯಲ್ಲಿ ವಕೀಲಿಯನ್ನು ಆರಂಭಿಸಿ, ಆ ಮೇಲೆ ವಿಜಾಪುರಕ್ಕೆ ಬಂದು ನೆಲೆಸಿದರು. ಅವರ ಜೀವನದ ಗ್ರಂಥವಾದ ವಚನಶಾಸ್ತ್ರಸಾರದ ಬೀಜವು ಬಿದ್ದದ್ದು ಮುಂಬಯಿಯಲ್ಲಿ ಅಲ್ಲ, ವಿಜಾಪುರದಲ್ಲಿಯೂ ಅಲ್ಲ, ನಮ್ಮ ಬನಹಟ್ಟಿಯಲ್ಲಿ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅವರು ಅಲ್ಲಿಯ ಮಂಚಾಲೆಯವರ ಮನೆಯಲ್ಲಿ ತಾಡೋಲೆಯ ಕಟ್ಟುಗಳನ್ನು ಕಂಡರು. ಪ್ರಭುದೇವರ ವಚನಗಳು ಮತ್ತು ಷಟ್‌ಸ್ಥಲತಿಲಕ ಅವುಗಳಲ್ಲಿ ಇದ್ದವು. ಮಗ್ಗದ ಸಪ್ಪಳದ ಊರಿನಲ್ಲಿ, ಒಂದು ಮನೆಯೊಳಗೆ, ಶತಮಾನಗಳಿಂದ ಕಟ್ಟಿಟ್ಟ ಮಾತುಗಳು ಒಬ್ಬ ತರುಣ ವಕೀಲನ ಕೈಗೆ ಬಂದವು.

ಆ ಕಾಲದ ಸ್ಥಿತಿಯನ್ನು ಇಂದಿನವರು ನೆನೆಯಬೇಕು. ವಚನಗಳೆಂದರೆ ಬಾಯಿಂದ ಬಾಯಿಗೆ ಬಂದ ಕೆಲವು, ಮಠದ ಶಾಸ್ತ್ರಿಗಳು ಬಲ್ಲ ಕೆಲವು, ಉಳಿದವು ಕಟ್ಟುಗಳಲ್ಲಿ. ಕಟ್ಟುಗಳು ದೇವರ ಜಗಲಿಯ ಮೇಲೆ, ಅಟ್ಟದ ಮೇಲೆ, ಮಠದ ಪೆಟ್ಟಿಗೆಗಳಲ್ಲಿ ಇದ್ದವು. ಅವಕ್ಕೆ ವಿಭೂತಿ ಧರಿಸಿ, ಹೂ ಏರಿಸಿ, ಧೂಪ ಬೆಳಗುವರು. ಬಿಚ್ಚಿ ಓದುವವರು ಅಪರೂಪ. ಓದಲು ಕುಳಿತರೂ ಶಬ್ದಗಳ ನಡುವೆ ತೆರಪಿಲ್ಲ, ಅಕ್ಷರಗಳು ಹಳೆಯವು, ಹುಳು ತಿಂದ ಕಡೆ ಊಹೆಯೇ ಗತಿ. ಇಂಥ ಕಟ್ಟುಗಳನ್ನು ಊರೂರು ತಿರುಗಿ ಬೇಡಿ ತಂದು, ನಕಲು ಮಾಡಿ, ಪಾಠಗಳನ್ನು ಹೋಲಿಸಿ, ವಿಷಯಕ್ರಮದಿಂದ ಜೋಡಿಸುವದು ಒಂದೆರಡು ವರ್ಷಗಳ ಮಾತಲ್ಲ. ಅದರ ನಡುವೆ ವಕೀಲಿಯೂ ನಡೆಯಬೇಕು, ಸಂಸಾರವೂ ಸಾಗಬೇಕು. ಸಾರ್ವಜನಿಕ ಕೆಲಸಗಳೂ ಅವರನ್ನು ಬಿಟ್ಟಿರಲಿಲ್ಲ. 1910ರಲ್ಲಿ ವಿಜಾಪುರದ ಲಿಂಗಾಯತ ವಿದ್ಯಾಸಂಸ್ಥೆ, 1912ರಲ್ಲಿ ಸಿದ್ಧೇಶ್ವರ ಬ್ಯಾಂಕು, ಹೀಗೆ ಒಂದರ ಮೇಲೊಂದು ಹೊಣೆ. ಗ್ರಂಥದ ಕೆಲಸವು ಹಗಲಿನ ಕೆಲಸಗಳು ತೀರಿದ ಮೇಲೆ ಉಳಿದ ವೇಳೆಯಲ್ಲಿ ನಡೆಯಬೇಕಾಯಿತು.

ಕೊನೆಗೊಮ್ಮೆ ಹಸ್ತಪ್ರತಿ ಸಿದ್ಧವಾಯಿತು. ಅದನ್ನು ಮಂಗಳೂರಿನ ಒಂದು ಹೆಸರಾಂತ ಮುದ್ರಣಾಲಯಕ್ಕೆ ಕಳಿಸಿದರು. ಮುದ್ರಣಾಲಯದವರು ಅದನ್ನು ಅಚ್ಚುಹಾಕದೆ ಹಿಂದಿರುಗಿಸಿದರು. ಈ ವಚನಗಳು ಬೆಳಕಿಗೆ ಬಂದರೆ ತಮ್ಮ ಮತಪ್ರಸಾರಕ್ಕೆ ಅಡ್ಡಿಯಾದೀತೆಂದು ಅವರು ಬಗೆದದ್ದೇ ಕಾರಣವೆಂದು ಹಿರಿಯರು ಹೇಳುತ್ತ ಬಂದಿರುವರು. ಈ ಮಾತನ್ನು ಕೇಳಿ ಯಾರ ಮೇಲೆಯೂ ಮುನಿಸು ತಾಳಬೇಕಾದುದಿಲ್ಲ. ಅದೇ ಕಾಲದಲ್ಲಿ ಕ್ರೈಸ್ತ ಬೋಧಕರಾದ ಉತ್ತಂಗಿ ಚನ್ನಪ್ಪನವರು ಸರ್ವಜ್ಞನ ತ್ರಿಪದಿಗಳನ್ನು ಊರೂರುಗಳಿಂದ ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಅವರಿಗೂ ಕನ್ನಡನಾಡು ಋಣಿಯಾಗಿದೆ. ಒಂದು ಬಾಗಿಲು ಮುಚ್ಚಿದರೆ ಅದು ಇಡಿಯ ಮನೆತನದ ಮಾತಲ್ಲ.

ಆದರೆ ಹಿಂದಿರುಗಿದ ಆ ಗಂಟನ್ನು ಕಲ್ಪಿಸಿಕೊಳ್ಳಿರಿ. ಬನಹಟ್ಟಿಯಲ್ಲಿ ಕಟ್ಟು ಕಂಡಂದಿನಿಂದ ಹೆಚ್ಚುಕಡಿಮೆ ಇಪ್ಪತ್ತು ವರ್ಷಗಳು. ತಾಡೋಲೆಯ ಕಟ್ಟಿನಿಂದ ಬಿಡಿಸಿ ತಂದ ವಚನಗಳು ಮತ್ತೆ ಕಾಗದದ ಕಟ್ಟಾಗಿ ಬಾಗಿಲಿಗೆ ಬಂದು ನಿಂತವು. ಅನೇಕರು ಇಲ್ಲಿಗೆ ನಿಲ್ಲಿಸುವರು. ನಿಲ್ಲಿಸಿದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಪ್ರಯತ್ನ ಮಾಡಿದರು, ದೈವ ಕೂಡಿಬರಲಿಲ್ಲವೆಂದು ನಾಲ್ಕು ಜನರು ಮರುಗುತ್ತಿದ್ದರು. ಹಳಕಟ್ಟಿಯವರು ನಿಲ್ಲಿಸಲಿಲ್ಲ. ಬೆಳಗಾವಿಯಲ್ಲಿ ಚೌಗುಲೆಯವರ ಮಹಾವೀರ ಮುದ್ರಣಾಲಯವು ಕೆಲಸವನ್ನು ಒಪ್ಪಿಕೊಂಡಿತು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವು ಹೊರಬಿದ್ದಿತು.

ಅಂದು ಅವರ ಮನಸ್ಸು ಹೇಗಿದ್ದಿತು? ದೊಡ್ಡವರ ಅಂತರಂಗವನ್ನು ಊಹಿಸುವದಕ್ಕಿಂತ ಅವರ ನಡತೆಯನ್ನು ನೋಡುವದು ಲೇಸು. ಗ್ರಂಥ ಮುಗಿಯಿತೆಂದು ಅವರು ವಿಶ್ರಮಿಸಲಿಲ್ಲ. ಎರಡು ವರ್ಷ ಕಳೆಯುವದರೊಳಗೆ, 1925ರಲ್ಲಿ, ವಾಸದ ಮನೆಯನ್ನು ಮಾರಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ತಾವು ಬಾಡಿಗೆಯ ಮನೆಯಲ್ಲಿ ಉಳಿದರು. 1926ರಲ್ಲಿ ಶಿವಾನುಭವ ಪತ್ರಿಕೆ, 1927ರಲ್ಲಿ ನವಕರ್ನಾಟಕ ವಾರಪತ್ರಿಕೆ ಹೊರಟವು. 1926ರಲ್ಲಿಯೇ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಲನವು ಅವರನ್ನು ಅಧ್ಯಕ್ಷಸ್ಥಾನದಲ್ಲಿ ಕುಳ್ಳಿರಿಸಿತು. 1930ರಲ್ಲಿ ಶೂನ್ಯಸಂಪಾದನೆ ಅಚ್ಚಾಯಿತು. ವಚನಶಾಸ್ತ್ರಸಾರದ ಮುಂದಿನ ಭಾಗಗಳೂ ಹರಿಹರನ ರಗಳೆಗಳೂ ಬಂದವು. ಇನ್ನೂರಕ್ಕಿಂತ ಹೆಚ್ಚು ವಚನಕಾರರ ಹೆಸರುಗಳು ಲೋಕಕ್ಕೆ ತಿಳಿದವು. ಮುಗಿಸಿದೆನೆಂಬ ತೃಪ್ತಿಯೊಂದೇ ಇದ್ದಿದ್ದರೆ ಮನುಷ್ಯನು ಮನೆ ಮಾರುವದಿಲ್ಲ. ಒಂದು ಕಟ್ಟು ಬಿಚ್ಚಿದ ಕೈಗೆ, ಬಿಚ್ಚದೆ ಉಳಿದ ಸಾವಿರ ಕಟ್ಟುಗಳು ಕಾಣುತ್ತಿದ್ದವೆಂಬದು ಈ ನಡತೆಯಿಂದಲೇ ಸಿದ್ಧವಾಗುವದು.

ಬಹುಕಾಲ ಕಟ್ಟಿಟ್ಟ ಗ್ರಂಥವನ್ನು ಮುಗಿಸುವವನಲ್ಲಿ ಉಂಟಾಗುವ ಭಾವಗಳನ್ನು ಇನ್ನು ಒಂದೊಂದಾಗಿ ವಿಚಾರಿಸೋಣ.

ಮೊದಲನೆಯದು ಹರ್ಷ. ಇದನ್ನು ವಿವರಿಸಬೇಕಾದುದಿಲ್ಲ. ಹೊತ್ತ ಭಾರವನ್ನು ಇಳಿಸಿದವನು ಉಸಿರು ಬಿಡುವನು.

ಎರಡನೆಯದು ವಿಯೋಗ. ಶಾಕುಂತಲದ ನಾಲ್ಕನೆಯ ಅಂಕವನ್ನು ಓದಿದವರು ಕಣ್ವಮಹರ್ಷಿಯನ್ನು ಮರೆಯಲಾರರು. ಅವನು ಅರಣ್ಯವಾಸಿ, ವಿರಕ್ತ. ಆದರೂ ಸಾಕಿದ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಅವನ ಕಂಠವು ಬಿಗಿಯಿತು. ಅವಳು ಕಣ್ಮರೆಯಾದ ಮೇಲೆ, ಪರರ ಒತ್ತೆಯನ್ನು ಹಿಂದಿರುಗಿಸಿದವನಂತೆ ತನ್ನ ಅಂತರಾತ್ಮವು ಹಗುರಾಯಿತೆಂದು ಅವನೇ ಹೇಳಿದನು. ಒಂದೇ ಘಳಿಗೆಯಲ್ಲಿ ಅಳುವೂ ಹಗುರವೂ! ಗ್ರಂಥವು ಹತ್ತಿಪ್ಪತ್ತು ವರ್ಷ ಮನೆಯಲ್ಲಿ ಇದ್ದರೆ ಅದು ಮನೆಯ ಕೂಸೇ ಆಗುವದು. ಬೆಳಿಗ್ಗೆ ಎದ್ದರೆ ಅದರ ನೆನಪು, ರಾತ್ರಿ ದೀಪ ಆರಿಸುವಾಗ ಅದರ ಚಿಂತೆ. ಅದು ಹೋದ ಮೇಲೆ ಮನೆಯು ಬರಿದಾಗಿ ತೋರಿದರೆ ಆಶ್ಚರ್ಯವಿಲ್ಲ.

ಮೂರನೆಯದು ಲಜ್ಜೆ. ಇದು ಕಟ್ಟಿಟ್ಟು ಮುಗಿಸಿದವರಿಗೆ ವಿಶೇಷವಾದುದು. ಮೊದಲ ಅಧ್ಯಾಯವನ್ನು ಬರೆದವನು ಇಪ್ಪತ್ತೈದರ ತರುಣ. ಕೊನೆಯ ಅಧ್ಯಾಯವನ್ನು ಬರೆದವನು ಐವತ್ತರ ಮುದುಕ. ಹೆಸರು ಒಂದೇ, ಕೈ ಬೇರೆ. ತರುಣನ ಮಾತು ಮುದುಕನಿಗೆ ಹುಡುಗಾಟವೆನಿಸುವದು. ಆದರೆ ಆ ಬಿಸಿಯು ಈಗ ತನ್ನಲ್ಲಿಲ್ಲವೆಂದು ಅಸೂಯೆಯೂ ಆಗುವದು. ಅದನ್ನು ತಿದ್ದಲೇ, ಇರಗೊಡಲೇ ಎಂದು ಅವನು ತೊಳಲುವನು. ಇದರ ಮೇಲೆ ಇನ್ನೊಂದು ವ್ಯಥೆ. ಯಾರು ಓದಿ ಮೆಚ್ಚಬೇಕೆಂದು ಆರಂಭಿಸಿದನೋ ಅವರಲ್ಲಿ ಕೆಲವರು ಈಗ ಇರುವದಿಲ್ಲ. ತಾಯಿಯು ಹೋಗಿರಬಹುದು, ವಿದ್ಯೆ ಕಲಿಸಿದ ಗುರುವು ಲಿಂಗೈಕ್ಯನಾಗಿರಬಹುದು. ತಡಮಾಡಿ ಮುಗಿಸಿದವನ ಹರ್ಷದಲ್ಲಿ ಈ ಕಹಿಯು ಎಂದಿಗೂ ಹೋಗುವದಿಲ್ಲ. ಇದನ್ನು ಕೇಳಿದ ತರುಣರು, ಕಟ್ಟಿಟ್ಟದ್ದನ್ನು ಹಿರಿಯರಿರುವಾಗಲೇ ಬಿಚ್ಚಬೇಕೆಂದು ತಿಳಿಯತಕ್ಕದ್ದು.

ನಾಲ್ಕನೆಯದು ಭಯ. ಎಲ್ಲಕ್ಕಿಂತ ಇದು ಬಲವಾದುದು. ಆದರೂ ಇದನ್ನು ಯಾರೂ ಬಾಯಿಬಿಟ್ಟು ಹೇಳರು. ಮುಗಿಯದ ಗ್ರಂಥಕ್ಕೆ ದೋಷವಿಲ್ಲ. ಅದು ಪೆಟ್ಟಿಗೆಯಲ್ಲಿರುವವರೆಗೆ, ಮುಗಿದರೆ ಮಹಾಗ್ರಂಥವಾದೀತೆಂದು ಕರ್ತನೂ ನಂಬಬಹುದು, ಅವನ ಸ್ನೇಹಿತರೂ ನಂಬಬಹುದು. ಮುಗಿಸಿದ ದಿನ ಅದು ತನ್ನ ನಿಜವಾದ ಅಳತೆಗೆ ಇಳಿಯುವದು. ಮನಸ್ಸಿನಲ್ಲಿದ್ದ ಗ್ರಂಥವು ಆನೆಯಷ್ಟು. ಓಲೆಯ ಮೇಲೆ ಬಂದದ್ದು ಆಕಳಷ್ಟು. ಎಷ್ಟೋ ಗ್ರಂಥಗಳು ವೇಳೆ ಸಾಲದೆಂದೂ ಹಣವಿಲ್ಲವೆಂದೂ ನಿಂತವೆಂದು ಹೇಳುವರು. ನಿಜವನ್ನು ಹೇಳುವದಾದರೆ, ಅವುಗಳಲ್ಲಿ ಅನೇಕವು ಈ ಅಳತೆಯ ಭಯದಿಂದ ನಿಂತಿರುತ್ತವೆ. ಆದರೆ ಆನೆಯು ಮನಸ್ಸಿನಲ್ಲಿದ್ದು ಯಾರಿಗೂ ಉಪಯೋಗವಿಲ್ಲ; ಆಕಳು ಅಂಗಳದಲ್ಲಿದ್ದರೆ ಹಾಲು ಕೊಡುವದು.

ಈ ನಾಲ್ಕು ಭಾವಗಳ ಗಂಟನ್ನು ಬಿಡಿಸುವ ಉಪಾಯವನ್ನು ಶರಣರು ಆಗಲೇ ಹೇಳಿಕೊಟ್ಟಿರುವರು. ಕಾಯಕ ಮತ್ತು ದಾಸೋಹ ಎಂಬ ಎರಡು ಶಬ್ದಗಳನ್ನು ತಾವೆಲ್ಲರೂ ಬಲ್ಲಿರಿ. ದುಡಿದುದು ಕಾಯಕ, ದುಡಿಮೆಯ ಫಲವನ್ನು ಸಮಾಜಕ್ಕೆ ಸಲ್ಲಿಸುವದು ದಾಸೋಹ. ಗ್ರಂಥವನ್ನು ಬರೆಯುವದು ಕಾಯಕವಾದರೆ ಅದನ್ನು ಮುಗಿಸಿ ಜನರ ಕೈಗೆ ಕೊಡುವದು ದಾಸೋಹ. ಪೆಟ್ಟಿಗೆಯಲ್ಲಿ ಉಳಿದ ಗ್ರಂಥವು, ಅದು ಎಷ್ಟು ಉತ್ತಮವಾಗಿದ್ದರೂ, ದಾಸೋಹವಿಲ್ಲದ ಕಾಯಕ. ಅಡಿಗೆ ಮಾಡಿ ಮುಚ್ಚಿಟ್ಟ ಮನೆಯಂತೆ.

ಇನ್ನೊಂದು ಸೂಕ್ಷ್ಮವನ್ನು ನೋಡಿರಿ. ವಚನದ ಕೊನೆಯಲ್ಲಿ ಅಂಕಿತ ಬರುವದು. ಬಸವಣ್ಣನವರು ಕೂಡಲಸಂಗಮದೇವನೆಂದರು, ಪ್ರಭುದೇವರು ಗುಹೇಶ್ವರನೆಂದರು, ಅಕ್ಕನವರು ಚೆನ್ನಮಲ್ಲಿಕಾರ್ಜುನನೆಂದರು. ಯಾವ ಸ್ಥಳದಲ್ಲಿ ಗ್ರಂಥಕರ್ತನು ತನ್ನ ಹೆಸರನ್ನು ಬರೆಯಲು ಆತುರಪಡುವನೋ, ಅದೇ ಸ್ಥಳದಲ್ಲಿ ಅವರು ದೇವರ ಹೆಸರನ್ನಿಟ್ಟು ತಾವು ಹಿಂದೆ ಸರಿದರು. ಮಾತು ಮುಗಿಯುವಲ್ಲಿಯೇ ಮಾತಿನ ಒಡೆತನವೂ ಮುಗಿಯಿತು. ಒಡೆತನವಿಲ್ಲದವನಿಗೆ ವಿಯೋಗವೆಲ್ಲಿ? ಅಳತೆಯ ಭಯವೆಲ್ಲಿ? ಇದು ಎಲ್ಲರಿಗೂ ಒಮ್ಮೆಲೇ ಸಾಧ್ಯವಾಗುವ ಮಾತಲ್ಲ. ಆದರೆ ಹೋಗಬೇಕಾದ ದಾರಿ ಇದೇ.

ರಬಕವಿ-ಬನಹಟ್ಟಿಯ ನೇಕಾರರಿಗೆ ಈ ಮಾತು ಪಂಡಿತರಿಗಿಂತ ಚೆನ್ನಾಗಿ ತಿಳಿದಿದೆ. ಹಾಸು ತೀರಿ ಕೊನೆಯ ಸೀರೆಯನ್ನು ಮಗ್ಗದಿಂದ ಕೊಯ್ದು ತೆಗೆಯುವಾಗ ಅವರು ಎಳೆಗಳನ್ನು ಪೂರ್ತಿ ಎಳೆದುಬಿಡುವದಿಲ್ಲ. ಹಳೆಯ ಹಾಸಿನ ತುದಿಗಳನ್ನು ಹಣಿಗೆಯಲ್ಲಿಯೇ ಉಳಿಸಿ, ಹೊಸ ಹಾಸಿನ ಒಂದೊಂದು ಎಳೆಯನ್ನು ಅವಕ್ಕೆ ಬೆರಳಿನಿಂದ ಹೊಸೆದು ಕೆಚ್ಚುವರು. ಸೀರೆಯು ಮುಗಿಯಿತು, ಮಗ್ಗವು ನಿಲ್ಲಲಿಲ್ಲ. ಹಳಕಟ್ಟಿಯವರ ಗ್ರಂಥವೂ ಹೀಗೆಯೇ. ಅವರು ಬಿಟ್ಟ ಎಳೆಗಳಿಗೆ ಮುಂದಿನ ವಿದ್ವಾಂಸರು ತಮ್ಮ ಎಳೆಗಳನ್ನು ಕೆಚ್ಚಿದರು. ಹೊಸ ಕಟ್ಟುಗಳನ್ನು ಹುಡುಕಿದರು, ಪಾಠಗಳನ್ನು ತಿದ್ದಿದರು. 1993ರಲ್ಲಿ ಕರ್ನಾಟಕ ಸರಕಾರವು ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟಗಳನ್ನು 15 ಭಾಗಗಳಲ್ಲಿ ಹೊರತಂದಿತು. 1923ರ ಗ್ರಂಥವನ್ನು ಇದರ ಮುಂದಿಟ್ಟು ಚಿಕ್ಕದೆನ್ನುವವರು ಉಂಟು. ಆ ಮೊದಲ ಎಳೆಯಿಲ್ಲದೆ ಇದನ್ನು ಯಾವುದಕ್ಕೆ ಕೆಚ್ಚುತ್ತಿದ್ದರು?

ಮುಗಿಯದೆ ಉಳಿದ ಕೆಲಸವೆಲ್ಲ ವ್ಯರ್ಥವೆಂದು ಇದರಿಂದ ತಿಳಿಯಬಾರದು. ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿದ ಗುರುದೇವ ರಾನಡೆಯವರು ಬೇಲ್ವಲಕರ ಪಂಡಿತರ ಸಂಗಡ ಭಾರತೀಯ ತತ್ತ್ವಶಾಸ್ತ್ರದ ಇತಿಹಾಸವನ್ನು 16 ಸಂಪುಟಗಳಲ್ಲಿ ಬರೆಯಲು ಯೋಜಿಸಿದ್ದರು. ಅವುಗಳಲ್ಲಿ ಹೊರಬಂದವು ಎರಡೇ. ಒಂದು 1927ರಲ್ಲಿ, ಇನ್ನೊಂದು 1933ರಲ್ಲಿ. ಕನ್ನಡ ಸಂತರ ಪರಮಾರ್ಥಮಾರ್ಗವನ್ನು ಕುರಿತ ಅವರ ಇಂಗ್ಲಿಷ್ ಗ್ರಂಥವು, ಅವರು 1957ರಲ್ಲಿ ನಿಂಬಾಳದಲ್ಲಿ ದೇಹ ಬಿಟ್ಟ ಮೇಲೆ, 1960ರಲ್ಲಿ ಪ್ರಕಟವಾಯಿತು. ಮುಗಿದ ಪುಸ್ತಕವನ್ನು ಕೈಯಲ್ಲಿ ಹಿಡಿಯುವ ಹರ್ಷವು ಅವರಿಗೆ ಆ ಗ್ರಂಥದ ವಿಷಯದಲ್ಲಿ ಲಭಿಸಲಿಲ್ಲ. ಅವರ ಶಿಷ್ಯರೂ ಅಭಿಮಾನಿಗಳೂ ಆ ಕೆಲಸವನ್ನು ದಡ ಮುಟ್ಟಿಸಿದರು. ಗುರುವು ಬರೆದುದನ್ನು ಶಿಷ್ಯನು ಮುಟ್ಟಿಸುವದು, ತಂದೆ ನಿಲ್ಲಿಸಿದುದನ್ನು ಮಗನು ಮುಗಿಸುವದು, ಮಠದ ಪೆಟ್ಟಿಗೆಯಲ್ಲಿದ್ದುದನ್ನು ಭಕ್ತನು ಅಚ್ಚುಹಾಕಿಸುವದು, ಇವೆಲ್ಲವೂ ಸಮಾಪ್ತಿಯ ಪ್ರಕಾರಗಳೇ.

ಮಹೋತ್ಸವದ ಈ ಪುಣ್ಯಕಾಲದಲ್ಲಿ ಸದ್ಭಕ್ತರಲ್ಲಿ ಎರಡು ಬಿನ್ನಹಗಳುಂಟು.

ಮೊದಲನೆಯದು ಕಟ್ಟುಗಳನ್ನು ಕುರಿತದ್ದು. ಕೃಷ್ಣೆ-ಘಟಪ್ರಭೆಗಳ ಈ ಸೀಮೆಯ ಹಳೆಯ ಮನೆಗಳಲ್ಲಿ ಹಿರಿಯರ ಕಟ್ಟುಗಳು ಇನ್ನೂ ಇದ್ದಾವು. ಪೂಜಿಸುವವರು ಪೂಜಿಸಲಿ, ಆದರೆ ವರ್ಷಕ್ಕೊಮ್ಮೆಯಾದರೂ ಬಿಚ್ಚಿ ನೋಡಲಿ. ಬಿಚ್ಚದ ಕಟ್ಟಿಗೆ ಹುಳುವೇ ಓದುಗನು. ಹಿಂದೆ ಒಂದು ಕಟ್ಟನ್ನು ನಕಲು ಮಾಡಲು ತಿಂಗಳುಗಳೇ ಬೇಕಾಗುತ್ತಿದ್ದವು. ಈಗ ಛಾಯಾಚಿತ್ರ ತೆಗೆಯುವ ಸಾಧನವು ಎಲ್ಲರ ಕಿಸೆಯಲ್ಲಿರುವದು. ಒಂದು ಮಧ್ಯಾಹ್ನದಲ್ಲಿ ಕೆಲಸ ತೀರುವದು. ಓಲೆಯನ್ನು ಮನೆಯಿಂದ ಹೊರಗೆ ಕಳಿಸಬೇಕಾದುದಿಲ್ಲ, ಮನೆದೇವರ ಮರ್ಯಾದೆಗೆ ಕುಂದಿಲ್ಲ. ಓದಲು ಬಲ್ಲವರನ್ನು ಕರೆದು ತೋರಿಸಿದರೆ ಸಾಕು. ಬನಹಟ್ಟಿಯ ಆ ಮನೆಯವರು ಅಂದು ಕಟ್ಟನ್ನು ಬಿಚ್ಚಿ ತೋರದಿದ್ದರೆ ಏನಾಗುತ್ತಿದ್ದಿತೆಂದು ಒಮ್ಮೆ ಯೋಚಿಸಿರಿ. ಗ್ರಂಥದ ಮೇಲೆ ಹಳಕಟ್ಟಿಯವರ ಹೆಸರಿದೆ. ಪುಣ್ಯದಲ್ಲಿ ಆ ಮನೆಯವರ ಪಾಲೂ ಇದೆ.

ಎರಡನೆಯದು ಬರೆಯುವವರನ್ನು ಕುರಿತದ್ದು. ಕವಿಚಕ್ರವರ್ತಿ ರನ್ನನು ಹುಟ್ಟಿದ ಸೀಮೆಯಿದು. ಕಾದಂಬರಿಕಾರರಾದ ಕೃಷ್ಣಮೂರ್ತಿ ಪುರಾಣಿಕರು ಬೀಳಗಿಯವರು. ಸತ್ಯಕಾಮರು ಜಮಖಂಡಿಯ ಹತ್ತಿರದ ಕಲ್ಲಹಳ್ಳಿಯಲ್ಲಿ ನೆಲೆಸಿ ಬರೆದವರು. ಬರೆಯುವ ಕೈಗಳಿಗೆ ಇಲ್ಲಿ ಬರವಿಲ್ಲ. ಯಾರ ಮನೆಯಲ್ಲಿಯಾದರೂ ಅರ್ಧಕ್ಕೆ ನಿಂತ ಪುರಾಣವಿದ್ದರೆ, ಕಾದಂಬರಿಯಿದ್ದರೆ, ತಂದೆಯ ಕಾಲದ ದಿನಚರಿಯಿದ್ದರೆ, ಅದನ್ನು ಇಂದು ರಾತ್ರಿಯೇ ಬಿಚ್ಚಿರಿ. ಅಕ್ಷರಗಳು ಮಾಸಿರಬಹುದು, ಬರೆದ ಕೈ ತನ್ನದಲ್ಲವೆನಿಸಬಹುದು, ನಾಚಿಕೆಯಾಗಬಹುದು. ಆಗಲಿ. ಮುಗಿಸಿದ ದಿನ ಕಣ್ಣಲ್ಲಿ ನೀರು ಬಂದರೆ ಅದು ಸೋಲಲ್ಲ, ಕಣ್ವನಿಗೂ ಬಂದಿತು. ಅಳತೆ ಚಿಕ್ಕದಾಯಿತೆಂದು ಕುಗ್ಗುವದೂ ಬೇಡ. ಮುಂದೆ ಕೆಚ್ಚುವವನಿಗೆ ಎಳೆಯ ತುದಿಯೊಂದು ಸಾಕು.

ಹಳಕಟ್ಟಿಯವರು 1964ನೇ ಇಸವಿ ಜೂನ್ 29ರಂದು ವಿಜಾಪುರದಲ್ಲಿ ಲಿಂಗೈಕ್ಯರಾದರು. ಎಂಟು ವರ್ಷಗಳ ಮೊದಲು ಕರ್ನಾಟಕ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನು ಅರ್ಪಿಸಿತ್ತು. ಮಾರಿದ ಮನೆಯು ತಿರುಗಿ ಬರಲಿಲ್ಲ. ಆದರೆ ಬನಹಟ್ಟಿಯ ಒಂದು ಮನೆಯಲ್ಲಿ ಕಟ್ಟಿಟ್ಟಿದ್ದ ವಚನಗಳು ಇಂದು ಕನ್ನಡನಾಡಿನ ಮನೆಮನೆಯಲ್ಲಿ ಬಿಚ್ಚಿಕೊಂಡಿರುವವು. ಗ್ರಂಥಕರ್ತನಿಗೆ ಇದಕ್ಕಿಂತ ಬೇರೆ ಮನೆ ಬೇಕೆ?